ವೈದ್ಯವಿದ್ಯೆಯ ದಾರಿಯಲ್ಲಿ ಮೊದಲ ತಲೆಮಾರು

ಬೆಂಗಳೂರು–ಮೈಸೂರು ರೈಲುಮಾರ್ಗದ ಒಂದು ತುದಿಯಲ್ಲಿ 1955ರಲ್ಲಿ ಸ್ಥಾಪಿತವಾದ ಬೆಂಗಳೂರು ವೈದ್ಯಕೀಯ ಕಾಲೇಜು ಇದೆ. ಮತ್ತೊಂದು ತುದಿಯಲ್ಲಿ, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ನೆಲೆ ಬದಲಿಸಿದ ಮೈಸೂರು ವೈದ್ಯಕೀಯ ಕಾಲೇಜು ಇದೆ. ನಡುವೆ ರಾಮನಗರ, ಚನ್ನಪಟ್ಟಣ. ಆಚೀಚೆ ಮಾಗಡಿ, ಕನಕಪುರ. ನಕ್ಷೆಯನ್ನು ನೋಡಿದವರಿಗೆ ಈ ಸೀಮೆಯ ಮಕ್ಕಳಿಗೆ ವೈದ್ಯವಿದ್ಯೆ ತೀರ ಹತ್ತಿರವೆಂದು ತೋರೀತು. ಆದರೆ ಹಿರಿಯರಾರೂ ಕಾಲೇಜಿನ ಮೆಟ್ಟಿಲು ತುಳಿಯದ ಮನೆಯಿಂದ ಹೊರಟ ವಿದ್ಯಾರ್ಥಿಯ ಪಾಲಿಗೆ ಆ ದೂರವನ್ನು ಮೈಲಿಗಲ್ಲುಗಳಿಂದ ಅಳೆಯಲಾಗದು.

ಈ ಸೀಮೆಯ ರೇಷ್ಮೆ ಬೆಳೆಗಾರರಲ್ಲಿ ಒಂದು ಮಾತು ರೂಢಿಯಲ್ಲಿದೆ. ಹುಳು ಪೊರೆ ಕಳಚುವ ಅವಸ್ಥೆಯನ್ನು ಅವರು ‘ಜ್ವರ’ ಎನ್ನುತ್ತಾರೆ. ಗೂಡು ಕಟ್ಟುವ ಮುನ್ನ ಹುಳು ಇಂಥ ನಾಲ್ಕು ಜ್ವರಗಳನ್ನು ದಾಟಬೇಕು. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ಅಲುಗಾಡುವುದಿಲ್ಲ. ಬೆಳೆಗಾರನಾದರೋ ಎಚ್ಚರ ತಪ್ಪುವುದಿಲ್ಲ. ಸುಣ್ಣದ ಪುಡಿ ಎರಚಿ ಹಾಸು ಒಣಗಿರುವಂತೆ ನೋಡುತ್ತಾನೆ, ಹುಳು ಎದ್ದೊಡನೆ ಹೊಸ ಸೊಪ್ಪು ನೀಡುತ್ತಾನೆ. ರಾಮನಗರದ ಗೂಡಿನ ಮಾರುಕಟ್ಟೆಯ ಹರಾಜು ಅನಂತರದ ಮಾತು. ಮೊದಲ ತಲೆಮಾರಿನ ವಿದ್ಯಾರ್ಥಿಯ ವಿಷಯದಲ್ಲಿ ಸಮಾಜದ ನಡತೆ ಇದಕ್ಕೆ ವಿಪರೀತವಾಗಿದೆ. ಫಲಿತಾಂಶದ ದಿನ ಹಾರ, ಶಾಲು, ನಗದು ಬಹುಮಾನ. ಜ್ವರದ ದಿನಗಳಲ್ಲಿ ಹತ್ತಿರ ಯಾರೂ ಇಲ್ಲ.

ಮೊದಲನೆಯ ಜ್ವರ ಭಾಷೆಯದು. ಹತ್ತನೆಯ ತರಗತಿಯವರೆಗೆ ‘ಜೀವಕೋಶ’, ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ಮಗು ಪದವಿಪೂರ್ವ ತರಗತಿಗೆ ಬಂದೊಡನೆ ‘ಸೆಲ್’, ‘ಫೋಟೋಸಿಂಥೆಸಿಸ್’ ಎಂಬ ಮಾತುಗಳನ್ನು ಕೇಳುತ್ತದೆ. ತಿಳಿದ ವಿಷಯವೇ ತಿಳಿಯದಂತಾಗಿ, ತನ್ನ ಬುದ್ಧಿಯೇ ಮಂದವೆಂದು ಆ ಮಗು ನಂಬಿಬಿಡುತ್ತದೆ. ಎರಡನೆಯದು ಪ್ರವೇಶ ಪರೀಕ್ಷೆಯದು. 720 ಅಂಕಗಳ ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿರುವುದು ನಿಜ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವನಿಗೆ ಕೊನೆಯ ದಿನ ಕೈಗೆ ಬರುವ ಕನ್ನಡ ಎಷ್ಟರಮಟ್ಟಿಗೆ ನೆರವಾದೀತು?

ಮೂರನೆಯದು ಕಾಗದಪತ್ರಗಳದು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸೀಟುಗಳನ್ನು ಕರ್ನಾಟಕ ಸರ್ಕಾರ ತನ್ನ ಪಾಲಿನಲ್ಲಿ ಕಾದಿರಿಸಿದೆ. ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಸಕಾಲದಲ್ಲಿ ಕೈಸೇರದಿದ್ದರೆ ಆ ಹಕ್ಕು ನಿಷ್ಫಲ. ವಿದ್ಯಾವಂತರ ಮನೆಯಲ್ಲಿ ಇದು ಊಟದ ಹೊತ್ತಿನ ಮಾತು. ಚನ್ನಪಟ್ಟಣದಲ್ಲಿ ಅರಗಿನ ಗೊಂಬೆ ಮಾಡುವವನ ಮನೆಯಲ್ಲಿ ಇದನ್ನು ತಿಳಿಸುವವರಾರು? ನಾಲ್ಕನೆಯದು ಸೀಟು ದೊರೆತ ಮೇಲೆ ಬರುವುದು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಮೊದಲ ವರ್ಷದಲ್ಲಿ, ಹೊಸ ಊರಿನ ಹಾಸ್ಟೆಲಿನಲ್ಲಿ, ಊರವರ ಸನ್ಮಾನದ ಭಾರ ಹೊತ್ತ ವಿದ್ಯಾರ್ಥಿ ಸೋತರೆ ಅದನ್ನು ಮನೆಗೆ ತಿಳಿಸಲೂ ಹೆದರುತ್ತಾನೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಷಿಪ್ ಇನ್ನೂ ಮುಂದಿವೆ.

ಪ್ರತಿಭೆಯಿದ್ದವನು ತಾನಾಗಿಯೇ ಮೇಲೆ ಬರುತ್ತಾನೆಂಬ ವಾದವುಂಟು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 1927ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಈ ವಾದವನ್ನು ಒಪ್ಪಿದ್ದರೆ ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯಗಳ ದಾಸೋಹ ಅಷ್ಟು ದೀರ್ಘಕಾಲ ನಡೆಯುತ್ತಿರಲಿಲ್ಲ. ಬಿಡದಿ ಸಮೀಪದ ಬಾನಂದೂರಿನಲ್ಲಿ ಜನಿಸಿದ ಶ್ರೀ ಬಾಲಗಂಗಾಧರನಾಥ ಸ್ವಾಮಿಗಳ ಕಾಲದಲ್ಲಿ ಆದಿಚುಂಚನಗಿರಿ ಮಠ ಬೆಳ್ಳೂರಿನ ಬಳಿ ವೈದ್ಯಕೀಯ ಕಾಲೇಜನ್ನೇ ಸ್ಥಾಪಿಸಿತು. ಪ್ರತಿಭೆಗೆ ನೆಲ ಬೇಕೆಂಬುದನ್ನು ಈ ಮಹನೀಯರಿಬ್ಬರೂ ಅರಿತಿದ್ದರು.

ಕನ್ನಡದಲ್ಲಿ ಓದಿದ್ದೇ ತಪ್ಪೆಂದು ತಿಳಿಯುವುದೂ ಸರಿಯಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ತಾಯಿ-ಮಕ್ಕಳ ಆರೋಗ್ಯವನ್ನು ಕುರಿತು ತಿಳಿಗನ್ನಡದಲ್ಲಿ ಬರೆದು ಸಾವಿರಾರು ಮನೆಗಳನ್ನು ತಲುಪಿದರು. ಕನಕಪುರದ ಕಾಡಂಚಿನ ಮುದುಕಿ ತನ್ನ ನೋವನ್ನು ಚಳುಕು, ಸೆಳೆತ, ಉರಿ, ಸಂಕಟ ಎಂದು ಬೇರೆ ಬೇರೆಯಾಗಿ ಹೇಳುತ್ತಾಳೆ. ಆ ಭೇದವನ್ನು ಬಲ್ಲ ವೈದ್ಯನಿಗೆ ರೋಗನಿದಾನ ಅರ್ಧ ಮುಗಿದಂತೆ. ಇಂಗ್ಲಿಷನ್ನು ಕಲಿಸಲೇಬೇಕು, ಕನ್ನಡವನ್ನು ಕಳೆದುಕೊಂಡು ಅಲ್ಲ.

ಆದಕಾರಣ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಅಧ್ಯಾಪಕರು ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪ್ರತಿಯೊಂದು ಕನ್ನಡ ಪಾರಿಭಾಷಿಕ ಪದದ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಬರೆಸಲಿ. ಪ್ರಮಾಣಪತ್ರಗಳನ್ನು ಕೇಳುವ ಮುನ್ನವೇ ಸಿದ್ಧಪಡಿಸಿಕೊಡಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ಕಿರಿಯನ ಹೊಣೆ ಹೊತ್ತು, ಮೊದಲ ವರ್ಷ ಮುಗಿಯುವವರೆಗೆ ತಿಂಗಳಿಗೊಮ್ಮೆಯಾದರೂ ವಿಚಾರಿಸಲಿ. ದಾನಿಗಳು ಒಂದೇ ದಿನ ನೀಡುವ ಬಹುಮಾನವನ್ನು ಪುಸ್ತಕಕ್ಕೆ, ಊಟಕ್ಕೆ, ಬಾಡಿಗೆಗೆ ಹಂಚಿ ವರ್ಷಗಳುದ್ದಕ್ಕೂ ನೀಡಲಿ. ವೇದಿಕೆಯ ಮೇಲೆ ಅವರ ಹೆಸರು ಕೇಳಿಸದೆ ಹೋದೀತು. ಆದರೆ ದೀಪವಾರಿಸಿ ಊರಿಗೆ ಮರಳಲು ಗಂಟುಕಟ್ಟಿದ ಒಬ್ಬ ವಿದ್ಯಾರ್ಥಿ ಗಂಟು ಬಿಚ್ಚಿ ಮತ್ತೆ ಪುಸ್ತಕ ತೆರೆದರೆ, ಆ ದಾನ ಸಾರ್ಥಕವಾದಂತೆ.