ಬದುಕಿದ್ದೇವೆಂದು ಸಾಬೀತುಪಡಿಸಬೇಕಾದ ಮುಪ್ಪು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಬರಗಾಲಕ್ಕೆ ಹೆಸರಾದ ಈ ಸೀಮೆಯಲ್ಲಿ ಮಕ್ಕಳನ್ನು ಓದಿಸಿ, ಅವರು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗುವಂತೆ ಮಾಡಿದವರು ಹೆಚ್ಚಾಗಿ ಸರಕಾರಿ ಶಾಲೆಯ ಮಾಸ್ತರರು. ಕನ್ನಡ ಶಾಲೆಯವರೂ ಇದ್ದರು, ಉರ್ದು ಶಾಲೆಯವರೂ ಇದ್ದರು. ಇಂದು ಅವರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಮಸೀದಿಯ ಜಗಲಿಯಲ್ಲಿ, ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಈ ಹಿರಿಯರ ಮಾತನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರೆ ಸಾಕು, ಅದು ಸುತ್ತಿ ಬಳಸಿ ಪಿಂಚಣಿಗೇ ಬಂದು ನಿಲ್ಲುತ್ತದೆ. ಮೊದಲು ತುಟ್ಟಿಭತ್ಯೆ ಎಷ್ಟಾಯಿತೆಂದು ವಿಚಾರಿಸುತ್ತಿದ್ದರು. ಈಗ ಅವರ ಪ್ರಶ್ನೆ ಬೇರೆ: ‘ಇದು ಹೀಗೆಯೇ ಮುಂದುವರಿಯುವುದೇ?’

ಈ ಭಯವನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಪಿಂಚಣಿಯನ್ನು ಕಡಿತಗೊಳಿಸಿದ್ದೇವೆಂದು ಯಾವ ಸರಕಾರವೂ ಬಹಿರಂಗವಾಗಿ ಘೋಷಿಸುವುದಿಲ್ಲ. ಒಂದು ದಿನಾಂಕ ನಿಗದಿಯಾಗುತ್ತದೆ, ಒಂದು ಸೌಲಭ್ಯ ನವೀಕರಣವಾಗುತ್ತದೆ, ಒಂದು ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗುತ್ತದೆ. ಇವೆಲ್ಲ ಮುಗಿದ ಮೇಲೆ ವೃದ್ಧನ ಕೈಗೆ ಬರುವುದು ಕಡಿಮೆಯಾಗಿರುತ್ತದೆ, ಅಥವಾ ಅದನ್ನು ಪಡೆಯಲು ಆತ ಮಾಡಬೇಕಾದ ಓಡಾಟ ಹೆಚ್ಚಾಗಿರುತ್ತದೆ.

ದಿನಾಂಕದ ಮಾತನ್ನೇ ನೋಡೋಣ. ರಾಜ್ಯ ಸರಕಾರ 7ನೇ ವೇತನ ಆಯೋಗದ ಶಿಫಾರಸುಗಳನ್ನು 2024ರ ಆಗಸ್ಟ್ 1ರಿಂದ ಜಾರಿಗೊಳಿಸಿತು. ಆದರೆ ವೇತನ ಪರಿಷ್ಕರಣೆಯನ್ನು 2022ರ ಜುಲೈ 1ರಿಂದ ಕಾಲ್ಪನಿಕವಾಗಿ ಲೆಕ್ಕ ಹಾಕಿ, ಆರ್ಥಿಕ ಲಾಭವನ್ನು ಮಾತ್ರ 2024ರ ಆಗಸ್ಟ್‌ನಿಂದ ಕೊಟ್ಟಿತು. ಪರಿಣಾಮವೇನು? ಈ ನಡುವಿನ 25 ತಿಂಗಳುಗಳಲ್ಲಿ ನಿವೃತ್ತರಾದವರ ಮಾಸಿಕ ಪಿಂಚಣಿಯೇನೋ ಪರಿಷ್ಕೃತವಾಯಿತು. ಆದರೆ ನಿವೃತ್ತಿ ಉಪದಾನ, ಗಳಿಕೆ ರಜೆಯ ನಗದೀಕರಣ, ಪಿಂಚಣಿ ಪರಿವರ್ತನೆಯ ಮೊತ್ತಗಳು ಹಳೆಯ ವೇತನದ ಲೆಕ್ಕದಲ್ಲೇ ಉಳಿದವು. 2024ರ ಜುಲೈ 31ರಂದು ನಿವೃತ್ತರಾದ ಒಬ್ಬ ಶಿಕ್ಷಕಿಗೂ ಆಗಸ್ಟ್ 31ರಂದು ನಿವೃತ್ತರಾದ ಅದೇ ಶಾಲೆಯ ಇನ್ನೊಬ್ಬ ಶಿಕ್ಷಕಿಗೂ ಸಿಕ್ಕ ಇಡುಗಂಟಿನಲ್ಲಿ ಲಕ್ಷಗಳ ಅಂತರ. ಇಬ್ಬರೂ ಕಲಿಸಿದ್ದು ಅದೇ ಪಾಠ, ಅದೇ ಮಕ್ಕಳಿಗೆ. ಈ ಅವಧಿಯಲ್ಲಿ ನಿವೃತ್ತರಾದವರು ರಾಜ್ಯದಾದ್ಯಂತ ಸಂಘಟಿತರಾಗಿ ಬೀದಿಗಿಳಿದದ್ದು ಇದಕ್ಕಾಗಿ. ಮಗಳ ಮದುವೆ, ಮನೆಯ ಸಾಲ, ಹಜ್ ಯಾತ್ರೆಯ ಹಂಬಲ ಇವೆಲ್ಲವನ್ನೂ ಜನ ನಿವೃತ್ತಿಯ ದಿನದ ಆ ಇಡುಗಂಟಿನ ಮೇಲೆಯೇ ಎಣಿಸಿಟ್ಟಿರುತ್ತಾರೆಂಬುದು ವಿಧಾನಸೌಧದಲ್ಲಿ ಕುಳಿತವರಿಗೆ ತಿಳಿಯದ ಸಂಗತಿಯೇನಲ್ಲ.

ದಿನಾಂಕದ ಗೆರೆ ಎಳೆದು ಪಿಂಚಣಿದಾರರನ್ನು ಇಬ್ಭಾಗ ಮಾಡುವುದನ್ನು ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಪ್ರಶ್ನಿಸಿದೆ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸಂವಿಧಾನ ಪೀಠವು, ಪಿಂಚಣಿಯು ಸರಕಾರದ ಕೃಪೆಯಿಂದ ದೊರೆಯುವ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂಬ ನಿಲುವನ್ನು ಎತ್ತಿಹಿಡಿಯಿತು. ಆ ದಿನವನ್ನು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸಲಾಗುತ್ತದೆ. ಹೀಗಿರುವಾಗ 2025ರ ಮಾರ್ಚ್‌ನಲ್ಲಿ ಹಣಕಾಸು ಮಸೂದೆಯೊಂದಿಗೆ ಕೇಂದ್ರ ಸರಕಾರವು, ನಿವೃತ್ತಿಯ ದಿನಾಂಕದ ಆಧಾರದಲ್ಲಿ ಪಿಂಚಣಿದಾರರ ನಡುವೆ ವ್ಯತ್ಯಾಸ ಕಲ್ಪಿಸುವ ಅಧಿಕಾರವನ್ನು ಸಂಸತ್ತಿನಿಂದ ಊರ್ಜಿತಗೊಳಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 8ನೇ ವೇತನ ಆಯೋಗದ ಪರಿಶೀಲನಾಂಶಗಳಲ್ಲಿ, ನೌಕರರ ವಂತಿಗೆಯಿಲ್ಲದ ಪಿಂಚಣಿ ಯೋಜನೆಗಳ ವೆಚ್ಚವನ್ನೂ ಗಮನಿಸಬೇಕೆಂಬ ಮಾತು ಸೇರಿಕೊಂಡಿತು. ಇವು ಕೇಂದ್ರದ ನೌಕರರಿಗೆ ಸಂಬಂಧಿಸಿದವು, ಪಾವಗಡದ ಮಾಸ್ತರರಿಗೇನು ಎಂದು ಕೇಳಬಹುದು. ದಿಲ್ಲಿಯಲ್ಲಿ ಹುಟ್ಟಿದ ನಿಯಮ ಬೆಂಗಳೂರಿಗೆ ಬರಲು ಹೆಚ್ಚು ಸಮಯ ಬೇಕಾಗುವುದಿಲ್ಲವೆಂಬುದಕ್ಕೆ ಹೊಸ ಪಿಂಚಣಿ ಯೋಜನೆಯೇ ನಿದರ್ಶನ. ಕೇಂದ್ರ ಅದನ್ನು ತಂದದ್ದು 2004ರ ಜನವರಿ 1ರಿಂದ. ಕರ್ನಾಟಕ ಅನುಸರಿಸಿದ್ದು 2006ರ ಏಪ್ರಿಲ್ 1ರಿಂದ.

ಆ ಏಪ್ರಿಲ್ ನಂತರ ಸೇವೆಗೆ ಸೇರಿದವರಿಗೆ ಕೊನೆಯ ವೇತನದ ಅರ್ಧದಷ್ಟು ಖಚಿತ ಪಿಂಚಣಿ ಎಂಬುದಿಲ್ಲ. ತಿಂಗಳು ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟನ್ನು ಕಟ್ಟಬೇಕು, ಸರಕಾರವೂ ತನ್ನ ಪಾಲು ಹಾಕುತ್ತದೆ, ಮೊತ್ತ ಮಾರುಕಟ್ಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಕನಿಷ್ಠ ಶೇ. 40ರಷ್ಟನ್ನು ವಿಮಾ ಕಂಪೆನಿಗೆ ಒಪ್ಪಿಸಿ, ಅದು ಕೊಟ್ಟಷ್ಟನ್ನು ಪಿಂಚಣಿಯೆಂದು ಪಡೆಯಬೇಕು. ಬೆಲೆ ಏರಿದರೆ ಅದು ಏರುವುದಿಲ್ಲ. ತಡವಾಗಿ ನೌಕರಿ ದೊರೆತವರು ಈಗಾಗಲೇ ಈ ಯೋಜನೆಯಡಿ ನಿವೃತ್ತರಾಗುತ್ತಿದ್ದಾರೆ. ಅನುದಾನಿತ ಶಾಲೆಗಳಲ್ಲಿ 2006ರ ನಂತರ ಸೇರಿದವರ ಸ್ಥಿತಿ ಇನ್ನೂ ಶೋಚನೀಯವಾಗಿದ್ದು, 2022ರಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತದ್ದು ಓದುಗರ ನೆನಪಿನಲ್ಲಿರಬಹುದು. 2023ರ ಚುನಾವಣೆಯ ಮುನ್ನ ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ ಹಳೆಯ ಪಿಂಚಣಿಯ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸುವುದಾಗಿ ಹೇಳಿತ್ತು. ಸಹಾನುಭೂತಿ ಎಂಬುದಕ್ಕೆ ಖಜಾನೆಯಲ್ಲಿ ಲೆಕ್ಕಶೀರ್ಷಿಕೆ ಇರುವುದಿಲ್ಲವೆಂದು ನೌಕರರಿಗೆ ಗೊತ್ತು. ಹಿಮಾಚಲ ಪ್ರದೇಶದಂತಹ ಪುಟ್ಟ ರಾಜ್ಯ ಹಳೆಯ ಪದ್ಧತಿಗೆ ಮರಳಿದ ಮೇಲೆ ಹಣಕಾಸಿನ ಇಕ್ಕಟ್ಟಿಗೆ ಸಿಲುಕಿತೆಂಬ ವಾದವನ್ನು ನಾವು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಶ್ನೆ ಮುಪ್ಪಿನವರ ಮುಂದೆ ಮಾತ್ರ ಏಕೆ ಎದ್ದು ನಿಲ್ಲಬೇಕು? ಶಾಸಕರ ಪಿಂಚಣಿಯ ವಿಷಯ ಬಂದಾಗ ಈ ಪ್ರಶ್ನೆ ಸದನದಲ್ಲಿ ಎಷ್ಟು ಸಲ ಕೇಳಿಬಂದಿದೆ?

ಇಷ್ಟಾಗಿಯೂ ಸರಕಾರಿ ನಿವೃತ್ತರು ಈ ಸೀಮೆಯ ವೃದ್ಧರಲ್ಲಿ ಅದೃಷ್ಟವಂತರು. ಜೀವನವಿಡೀ ಬೀಡಿ ಕಟ್ಟಿದವರು, ಶೇಂಗಾ ಹೊಲಗಳಲ್ಲಿ ಕೂಲಿ ಮಾಡಿದವರು, ಗಾಡಿಯಲ್ಲಿ ಹಣ್ಣು ಮಾರಿದವರು ಪಡೆಯುವುದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತಾ ಪಿಂಚಣಿ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಡಿ 65 ದಾಟಿದವರಿಗೆ ದೊರೆಯುವ ಮೊತ್ತವನ್ನು 2021ರಲ್ಲಿ 1,000ದಿಂದ 1,200 ರೂಪಾಯಿಗೆ ಏರಿಸಲಾಯಿತು. ದಿನಕ್ಕೆ 40 ರೂಪಾಯಿ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ ಕೇವಲ 200 ರೂಪಾಯಿ. ಸುಮಾರು ಎರಡು ದಶಕಗಳಿಂದ ಅದು ಕದಲಿಲ್ಲ. ಬೀಡಿ ಕಾರ್ಮಿಕರಲ್ಲಿ ಭವಿಷ್ಯ ನಿಧಿಗೆ ಒಳಪಟ್ಟವರಿಗೆ 1995ರ ನೌಕರರ ಪಿಂಚಣಿ ಯೋಜನೆಯಿದೆ. ಅದರ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಲ್ಲಿ 1,000 ರೂಪಾಯಿ ಎಂದು ನಿಗದಿಯಾಯಿತು. ಇದನ್ನು 7,500 ರೂಪಾಯಿಗೆ ಏರಿಸಬೇಕೆಂದು ದೇಶದಾದ್ಯಂತ ವೃದ್ಧ ಕಾರ್ಮಿಕರು ವರ್ಷಗಳಿಂದ ಕೂಗುತ್ತಿದ್ದಾರೆ.

ಈ ಅಲ್ಪ ಮೊತ್ತವೂ ಸುಮ್ಮನೆ ಬರುವುದಿಲ್ಲ. ಹಿಂದೆ ಅಂಚೆಯವನು ಮನಿಯಾರ್ಡರ್ ತಂದು ಕೈಯಲ್ಲಿಡುತ್ತಿದ್ದ. ಹತ್ತಿಪ್ಪತ್ತು ರೂಪಾಯಿ ಅವನ ಜೇಬಿಗೂ ಹೋಗುತ್ತಿತ್ತೆಂಬ ದೂರು ಸುಳ್ಳಾಗಿರಲಿಲ್ಲ. ನೇರವಾಗಿ ಖಾತೆಗೇ ಹಣ ಎಂಬ ಪದ್ಧತಿ ಬಂದಾಗ ನಾವೂ ಸ್ವಾಗತಿಸಿದೆವು. ಆದರೆ ಈಗ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಎರಡೂ ಕಡೆ ಹೆಸರು ಹೊಂದಬೇಕು, ಮೊಬೈಲು ಸಂಖ್ಯೆ ಚಾಲ್ತಿಯಲ್ಲಿರಬೇಕು, ಬೆರಳಚ್ಚು ಮೂಡಬೇಕು. ಐವತ್ತು ವರ್ಷ ಬೀಡಿ ಎಲೆ ಕತ್ತರಿಸಿದ ಬೆರಳಿನಲ್ಲಿ ಗೆರೆಗಳು ಎಲ್ಲಿ ಉಳಿದಿರುತ್ತವೆ? ಪಾವಗಡದ ಫ್ಲೋರೈಡ್ ನೀರು ಕುಡಿದು ಕೀಲುಗಳು ಬಿಗಿದುಹೋದ ಮುದುಕಿ ಯಂತ್ರದ ಮೇಲೆ ಬೆರಳನ್ನು ನೇರವಾಗಿ ಒತ್ತಿ ಹಿಡಿಯುವುದಾದರೂ ಹೇಗೆ?

ಒಂದು ಊರಿನ ಬ್ಯಾಂಕಿನಲ್ಲಿ ನಾವೇ ಕಂಡ ದೃಶ್ಯವಿದು. ನವೆಂಬರ್ ತಿಂಗಳು, ಜೀವಂತ ಪ್ರಮಾಣಪತ್ರದ ಸಾಲು. ಎಂಬತ್ತರ ಆಸುಪಾಸಿನ ಹಿರಿಯರೊಬ್ಬರ ಬೆರಳನ್ನು ಯಂತ್ರವು ನಾಲ್ಕು ಸಲ ತಿರಸ್ಕರಿಸಿತು. “ನಾಳೆ ಬನ್ನಿ ಸಾಬ್ರೇ, ಸರ್ವರ್ ಸರಿಯಿಲ್ಲ” ಎಂದು ಕೌಂಟರಿನ ಯುವಕ ಹೇಳಿದ. ಆತನ ದನಿಯಲ್ಲಿ ಅಗೌರವವಿರಲಿಲ್ಲ, ಅಸಹಾಯಕತೆಯಿತ್ತು. ಹಿರಿಯರು ಟೋಪಿ ತೆಗೆದು ಬೆವರೊರೆಸಿಕೊಂಡು, “ನೋಡಪ್ಪಾ, ನಾನು ನಿನ್ನ ಮುಂದೆಯೇ ನಿಂತಿದ್ದೇನಲ್ಲ, ನೀನೇ ಬರೆದುಕೊಂಡುಬಿಡು” ಎಂದರು. ಹಾಗೆ ಬರೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಡಿಜಿಟಲ್ ಜೀವನ ಪ್ರಮಾಣ ಬಂದದ್ದು 2014ರ ನವೆಂಬರ್‌ನಲ್ಲಿ ಸೌಕರ್ಯಕ್ಕಾಗಿ. ಕಾಗದದ ಪ್ರಮಾಣಪತ್ರವನ್ನು ಅದು ರದ್ದುಪಡಿಸಿಲ್ಲ. 2021ರಿಂದ ಮುಖಚಹರೆ ಗುರುತಿಸುವ ವ್ಯವಸ್ಥೆಯೂ ಇದೆ. ಆದರೆ ಆ ಯುವಕನಿಗೆ ಅದನ್ನು ಯಾರೂ ಹೇಳಿರಲಿಲ್ಲ, ಹಿರಿಯರಿಗಂತೂ ತಿಳಿದಿರಲಿಲ್ಲ. ಅವರು ಮರುದಿನವೂ ಬಂದರು.

ಬ್ಯಾಂಕುಗಳ ಕಥೆ ಬೇರೆಯೇ ಇದೆ. ಪಿಂಚಣಿದಾರರು ‘ನಮ್ಮ ಬ್ಯಾಂಕು’ ಎನ್ನುತ್ತಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ವಿಲೀನವಾಯಿತು. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಹೋದವು. ಗ್ರಾಮೀಣ ಬ್ಯಾಂಕುಗಳೂ ಹೆಸರು ಬದಲಿಸುತ್ತ ಬಂದು 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಆದವು. ಪ್ರತಿ ವಿಲೀನದಲ್ಲೂ ಪಾಸ್‌ಪುಸ್ತಕ ಬದಲಾಗುತ್ತದೆ, ಸಂಕೇತ ಸಂಖ್ಯೆ ಬದಲಾಗುತ್ತದೆ, ಪರಿಚಯದ ವ್ಯವಸ್ಥಾಪಕ ವರ್ಗವಾಗುತ್ತಾನೆ. ತಕರಾರಿದ್ದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿ.ಮೀ. ಪಿಂಚಣಿ ಆದೇಶದಲ್ಲಿ ತಿದ್ದುಪಡಿ ಬೇಕಾದರೆ ಕಡತ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗಿ ಬರಬೇಕು. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ನೆಪದಲ್ಲಿ ಹಿಂತೆಗೆದುಕೊಳ್ಳಲಾಯಿತು. ಕೊರೊನಾ ಹೋಯಿತು, ರಿಯಾಯಿತಿ ಮರಳಲಿಲ್ಲ. (ಪಾವಗಡದವರಿಗೆ ಇದರಿಂದ ನಷ್ಟವಾಗಿಲ್ಲವೆಂದು ಯಾರಾದರೂ ಹೇಳಬಹುದು, ಅವರ ಊರಿಗೆ ರೈಲೇ ಇನ್ನೂ ಬಂದಿಲ್ಲವಲ್ಲ!)

ಇದು ನಮ್ಮಲ್ಲಿ ಮಾತ್ರ ನಡೆಯುವುದೆಂದು ಭಾವಿಸಬೇಕಿಲ್ಲ. ಅಮೆರಿಕದಲ್ಲಿ 2025ರ ಆರಂಭದಲ್ಲಿ ವೃದ್ಧರ ಪಿಂಚಣಿ ನೋಡಿಕೊಳ್ಳುವ ಸಾಮಾಜಿಕ ಭದ್ರತಾ ಆಡಳಿತವು ತನ್ನ ಸುಮಾರು 57,000 ಸಿಬ್ಬಂದಿಯನ್ನು 50,000ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಪಿಂಚಣಿಯ ಮೊತ್ತವನ್ನು ಮುಟ್ಟುವುದಿಲ್ಲವೆಂದು ಅಲ್ಲಿನ ಸರಕಾರ ಹೇಳಿತು. ಮೊತ್ತವನ್ನು ಮುಟ್ಟದೆಯೂ ಪಿಂಚಣಿಯನ್ನು ಎಟುಕದಂತೆ ಮಾಡಬಹುದೆಂದು ಅಲ್ಲಿನ ಮುದುಕರು ಕೂಡಲೇ ಅರ್ಥಮಾಡಿಕೊಂಡರು.

ಅನರ್ಹರು ಪಿಂಚಣಿ ಪಡೆಯುತ್ತಿಲ್ಲವೇ? ಪಡೆಯುತ್ತಿದ್ದಾರೆ. ವಯಸ್ಸು ತಿದ್ದಿಸಿಕೊಂಡವರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅನರ್ಹರನ್ನು ಪತ್ತೆಹಚ್ಚುವ ಕಂದಾಯ ಇಲಾಖೆಯ ಕಾರ್ಯವನ್ನು ತಾತ್ವಿಕವಾಗಿ ವಿರೋಧಿಸಲಾಗದು. ನಮ್ಮ ಆಕ್ಷೇಪವಿರುವುದು ಅದರ ಕ್ರಮಕ್ಕೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಪಡಿತರ ಚೀಟಿಗಳನ್ನು ರದ್ದುಗೊಳಿಸಿದಾಗ ಏನಾಯಿತು? ಬಡವರ ಚೀಟಿಗಳೂ ಹೋದವು, ಕೂಗೆದ್ದಿತು, ಸರಕಾರ ಹಿಂದೆ ಸರಿದು ಮರಳಿ ಕೊಟ್ಟಿತು. ಪಡಿತರ ಚೀಟಿಗಾಗಿ ಕೂಗಲು ಮನೆಯಲ್ಲಿ ಎಳೆಯರಿರುತ್ತಾರೆ. ಒಂಟಿ ಮುದುಕಿಯ 1,200 ರೂಪಾಯಿ ನಿಂತರೆ ಕೂಗುವವರಾರು? ನಿಲ್ಲಿಸುವ ಮುನ್ನ ಗ್ರಾಮ ಆಡಳಿತಾಧಿಕಾರಿ ಮನೆಗೇ ಹೋಗಿ ನೋಡಲಿ, ಲಿಖಿತ ನೋಟಿಸು ಕೊಡಲಿ, ಉತ್ತರಿಸಲು ಕಾಲಾವಕಾಶವಿರಲಿ. ತಪ್ಪಾಗಿ ನಿಲ್ಲಿಸಿದ್ದರೆ ಬಾಕಿಯನ್ನು ಸೇರಿಸಿ ಕೊಡಲಿ. 2022ರಲ್ಲಿ ಒಂದು ದೂರವಾಣಿ ಕರೆಗೆ 72 ಗಂಟೆಗಳಲ್ಲಿ ಪಿಂಚಣಿ ಮಂಜೂರು ಮಾಡುವುದಾಗಿ ಇದೇ ಇಲಾಖೆ ಹೇಳಿತ್ತು. ಕೊಡಲು ಸಿಬ್ಬಂದಿಯನ್ನು ಮನೆ ಬಾಗಿಲಿಗೆ ಕಳುಹಿಸುವುದಾದರೆ ಕಿತ್ತುಕೊಳ್ಳುವ ಮೊದಲೂ ಕಳುಹಿಸಬಹುದು.

ಸರಕಾರದ ಲೋಪಗಳನ್ನು ಇಷ್ಟು ಹೇಳಿದ ಮೇಲೆ ನಮ್ಮ ಜಮಾಅತ್‌ಗಳಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಿವೃತ್ತ ನೌಕರ ತೀರಿಕೊಂಡರೆ ಪತ್ನಿಗೆ ಕುಟುಂಬ ಪಿಂಚಣಿ ಸಲ್ಲುತ್ತದೆ. ನಮ್ಮ ರಾಜ್ಯದಲ್ಲಿ ಅದು ಸಾಮಾನ್ಯವಾಗಿ ಕೊನೆಯ ಮೂಲವೇತನದ ಶೇ. 30. ಪತಿಯ ದಾಖಲೆಯಲ್ಲಿ ‘ಖೈರುನ್ನಿಸಾ’, ಆಧಾರ್‌ನಲ್ಲಿ ‘ಖೈರುನ್ ಬೀ’, ಬ್ಯಾಂಕಿನಲ್ಲಿ ‘ಖೈರುನ್ನಿಸಾ ಬೇಗಂ’ ಎಂದಿದ್ದರೆ ಒಬ್ಬಳೇ ಹೆಣ್ಣುಮಗಳು ಮೂವರಾಗಿ ಕಾಣುತ್ತಾಳೆ. ಇದ್ದತ್‌ನ ದಿನಗಳು ಮುಗಿಯುತ್ತಲೇ ಆಕೆ ಪ್ರಮಾಣಪತ್ರ ಹಿಡಿದು ಕಚೇರಿ ಸುತ್ತಬೇಕಾಗುತ್ತದೆ. ಪತಿ ಬದುಕಿರುವಾಗಲೇ ಹೆಸರುಗಳನ್ನು ಒಂದಾಗಿಸಿ, ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರು ಸರಿಯಾಗಿದೆಯೇ ನೋಡಿಕೊಂಡಿದ್ದರೆ ಈ ಸಂಕಟವಿರುತ್ತಿರಲಿಲ್ಲ. ಓದಿದ ಮಕ್ಕಳಿರುವ ಮನೆಗಳಲ್ಲೂ ಇದನ್ನು ಮಾಡಿಸಿರುವುದಿಲ್ಲ. ಅಬ್ಬಾನ ಮುಂದೆ ಅವರ ಮರಣದ ಮಾತೆತ್ತಲು ಸಂಕೋಚ. ಇನ್ನು ಮದುವೆಗೆ ಸಾಕ್ಷ್ಯವಾಗಬೇಕಾದದ್ದು ಮಸೀದಿಯ ನಿಕಾಹ್ ದಫ್ತರ. ವಿಧವೆಯೊಬ್ಬರ ಅರ್ಜಿಗಾಗಿ ನಾವು ಅಂತಹ ಒಂದು ಹಳೆಯ ದಫ್ತರವನ್ನು ತೆರೆಸಿ ನೋಡಿದೆವು. ವರನ ಹೆಸರು, ತಂದೆಯ ಹೆಸರು, ಮಹ್ರ್‌ನ ಮೊತ್ತ, ಸಾಕ್ಷಿಗಳ ರುಜು ಎಲ್ಲವೂ ಅಚ್ಚುಕಟ್ಟಾಗಿದ್ದವು. ವಧುವಿನ ಅಂಕಣದಲ್ಲಿ ಆಕೆಯ ತಂದೆಯ ಹೆಸರು ಬರೆದು, ಮುಂದೆ ‘ಇವರ ಎರಡನೆಯ ಮಗಳು’ ಎಂದಷ್ಟೇ ಇತ್ತು.