ಕರಡಿಗೂ ಒಂದು ಚೆಕ್-ಇನ್

ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು ಕರಡಿ ಹೊಡೀಬಹುದು ಅಂದ್ರೆ ಊರಲ್ಲಿರೋ ಅರ್ಧ ಜನ ನಂಬೋದಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕರಡಿ ಬೇಟೆ ಅಪರಾಧ. ಕರಡಿ ನೋಡಬೇಕು ಅಂದ್ರೆ ದರೋಜಿ ಕರಡಿಧಾಮಕ್ಕೆ ಹೋಗಿ ಸಂಜೆ ಹೊತ್ತು ಕಾದು ಕೂರಬೇಕು. ಆದರೆ ನಾನಿರುವ ನ್ಯೂಜೆರ್ಸಿಯಲ್ಲಿ ನವೆಂಬರ್ ಬಂತು ಅಂದ್ರೆ ಆಫೀಸಿನ ಊಟದ ಟೇಬಲ್ ಮಾತು ಬೇಟೆ ಕಡೆಗೇ ತಿರುಗುತ್ತೆ. ಯಾರು ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದಾರೆ, ಯಾರು ಮೇನ್ ರಾಜ್ಯಕ್ಕೆ, ಯಾರ ಫ್ರೀಜರ್‌ನಲ್ಲಿ ಹೋದ ವರ್ಷದ್ದು ಇನ್ನೂ ಉಳಿದಿದೆ, ಇಂಥವೇ.

ಕಳೆದ ತಿಂಗಳು ಹಾಸನ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಇಲ್ಲಿಗೆ ಬಂದು ಎರಡು ವರ್ಷ, ಎಚ್-1ಬಿ ವೀಸಾ. "ಅಕ್ಕಾ, ಟೀಮ್‌ನವ್ರು ಪೆನ್ಸಿಲ್ವೇನಿಯಾಕ್ಕೆ ಕರಡಿ ಬೇಟೆಗೆ ಕರೀತಿದ್ದಾರೆ. ಹೋಗ್ಲಾ? ಅಮ್ಮಂಗೆ ಮಾತ್ರ ಹೇಳ್ಬೇಡಿ" ಅಂದ. ಬೇಟೆ ಸರಿಯೋ ತಪ್ಪೋ ಅನ್ನೋ ವಾದಕ್ಕೆ ನಾನು ಇಳಿಯಲಿಲ್ಲ. ನನಗೆ ಅದು ಒಗ್ಗೋದಿಲ್ಲ, ಅದು ಅವನಿಗೂ ಗೊತ್ತು. "ಕರಡಿ ಸಿಕ್ಕಿದ ಮೇಲೆ ಏನು ಮಾಡ್ಬೇಕು ಗೊತ್ತಾ?" ಅಂತ ಕೇಳಿದೆ. "ಫೋಟೋ ತಗೊಂಡು ವಾಪಸ್ ಬರೋದು, ಇನ್ನೇನು? ಸೋಮವಾರ ಆಫೀಸಿದ್ಯಲ್ಲ" ಅಂದ.

ತೊಂದರೆ ಶುರುವಾಗೋದು ಅಲ್ಲೇ. ಗುಂಡು ಹಾರಿಸಿದ ಮೇಲಿನ ಕೆಲಸವೇ ಜಾಸ್ತಿ.

ಪೆನ್ಸಿಲ್ವೇನಿಯಾದಲ್ಲಿ ಸಾಮಾನ್ಯ ಬೇಟೆ ಲೈಸೆನ್ಸ್ ಜೊತೆಗೆ ಕರಡಿಗೆ ಅಂತಲೇ ಬೇರೆ ಲೈಸೆನ್ಸ್ ಬೇಕು. ಕರಡಿ ಬಿದ್ದ ತಕ್ಷಣ ಟ್ಯಾಗ್ ತುಂಬಿ ಅದರ ಕಿವಿಗೆ ಕಟ್ಟಬೇಕು. ಆಮೇಲೆ 24 ಗಂಟೆಯೊಳಗೆ ರಾಜ್ಯದ ಗೇಮ್ ಕಮಿಷನ್ ನಡೆಸುವ ಚೆಕ್ ಸ್ಟೇಷನ್‌ಗೆ ತಗೊಂಡು ಹೋಗಿ ತೋರಿಸಬೇಕು. ಆ ಸ್ಟೇಷನ್‌ಗಳು ಇಡೀ ದಿನ ಬಾಗಿಲು ತೆರೆದಿರೋದಿಲ್ಲ. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಮುಖ್ಯ ಬಂದೂಕು ಸೀಸನ್‌ನಲ್ಲಿ ಅವಕ್ಕೆ ಗೊತ್ತಾದ ವೇಳೆ ಇರುತ್ತೆ. ಬೇರೆ ಸೀಸನ್‌ಗಳಲ್ಲಾದರೆ ಆ ಭಾಗದ ಕಚೇರಿಗೆ ಫೋನ್ ಮಾಡಿ ಎಲ್ಲಿಗೆ ತರಬೇಕು ಅಂತ ಕೇಳಬೇಕಾಗಬಹುದು. ಭಾನುವಾರ ಸಂಜೆ ಕತ್ತಲಾಗುವಾಗ ಕರಡಿ ಸಿಕ್ಕರೆ ರಾತ್ರಿಯೇ ಮನೆಗೆ ಹೊರಡೋ ಯೋಚನೆ ಬಿಡಬೇಕು. ಸೋಮವಾರದ ಸ್ಟ್ಯಾಂಡಪ್ ಮೀಟಿಂಗ್‌ಗೆ ರಜೆ ಹಾಕೋದೇ ವಾಸಿ.

ರಾಜ್ಯ ಬದಲಾದರೆ ಗಡುವೂ ಬದಲಾಗುತ್ತೆ. ಮೇನ್‌ನಲ್ಲಿ 18 ಗಂಟೆ. ವಿಸ್ಕಾನ್ಸಿನ್‌ನಲ್ಲಿ ಮರುದಿನ ಸಂಜೆ 5ರೊಳಗೆ ನೋಂದಣಿ ಆಗಬೇಕು. ಐಡಾಹೊದಲ್ಲಿ 10 ದಿನ ಸಿಗುತ್ತೆ, ಆದರೆ ತಲೆಬುರುಡೆ ಮತ್ತು ಚರ್ಮವನ್ನೇ ಒಯ್ದು ತೋರಿಸಬೇಕು. ಚರ್ಮದಲ್ಲಿ ಗಂಡೋ ಹೆಣ್ಣೋ ಅಂತ ಗೊತ್ತಾಗುವ ಗುರುತು ಹಾಗೇ ಉಳಿದಿರಬೇಕು. ಅಲಾಸ್ಕಾದ ಹೆಚ್ಚಿನ ಕಡೆ 30 ದಿನದೊಳಗೆ ಸೀಲ್ ಹಾಕಿಸಬೇಕು. ಅಮೆರಿಕದ ಪ್ರಜೆಯಲ್ಲದ ಹೊರಗಿನವರು ಅಲ್ಲಿ ಯಾವ ದೊಡ್ಡ ಪ್ರಾಣಿಯ ಬೇಟೆಗೆ ಹೋದರೂ ಲೈಸೆನ್ಸ್ ಇರುವ ಗೈಡ್ ಜೊತೆಗಿರಲೇಬೇಕು. ಈ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಹಾಗಾಗಿ ಆಯಾ ವರ್ಷದ ನಿಯಮಪುಸ್ತಕವನ್ನೇ ನೋಡಬೇಕು. ಸ್ನೇಹಿತ ಹೇಳಿದ್ದು ಅವನು ಹೋದ ವರ್ಷದ ಕಥೆ ಇರಬಹುದು. ನಮ್ಮ ಮನೆ ಯಾವ ರಾಜ್ಯದಲ್ಲಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಕರಡಿ ಎಲ್ಲಿ ಬಿತ್ತೋ ಅಲ್ಲಿನ ಕಾನೂನು.

ತಪ್ಪಿಸಿಕೊಂಡು ಬಂದರೆ? 1900ರಲ್ಲಿ ಬಂದ ಲೇಸಿ ಕಾಯ್ದೆ ಅಂತ ಒಂದಿದೆ. ಒಂದು ರಾಜ್ಯದ ಕಾನೂನು ಮುರಿದು ಹೊಡೆದ ಪ್ರಾಣಿಯನ್ನ ಗಡಿ ದಾಟಿಸಿದರೆ ಅದು ಕೇಂದ್ರ ಸರ್ಕಾರದ ಮಟ್ಟದ ಅಪರಾಧವಾಗುತ್ತೆ. ಅಲ್ಲಿಯವರೆಗೆ ಒಂದು ರಾಜ್ಯದ ದಂಡದಲ್ಲಿ ಮುಗಿಯಬಹುದಾಗಿದ್ದ ಕೇಸು, ನ್ಯೂಜೆರ್ಸಿ ಗಡಿಯ ಸೇತುವೆ ದಾಟಿದ ಮೇಲೆ ಬೇರೆಯದೇ ಆಗಿಬಿಡಬಹುದು. ಜೊತೆಗೆ ಹೆಚ್ಚಿನ ರಾಜ್ಯಗಳ ನಡುವೆ ಒಪ್ಪಂದವಿದೆ: ಒಂದು ಕಡೆ ಬೇಟೆ ಲೈಸೆನ್ಸ್ ರದ್ದಾದರೆ ಉಳಿದ ಕಡೆಯೂ ಬಾಗಿಲು ಮುಚ್ಚುತ್ತೆ.

ವೀಸಾದವರಿಗೆ ಇದಕ್ಕಿಂತ ಮುಂಚೆಯೇ ಒಂದು ಪ್ರಶ್ನೆ ಇದೆ. ಎಚ್-1ಬಿಯಂಥ ವೀಸಾದಲ್ಲಿರುವವರು ಇಲ್ಲಿ ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಇಟ್ಟುಕೊಳ್ಳೋದು ಕೇಂದ್ರ ಕಾನೂನಿನ ಪ್ರಕಾರ ನಿಷಿದ್ಧ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರೋದು. ಅಂದರೆ ಲೈಸೆನ್ಸ್ ಇಲ್ಲದೆ "ಒಂದು ಸಲ ಹಿಡ್ಕೊಂಡು ನೋಡೋಣ" ಅಂತ ಗೆಳೆಯನ ರೈಫಲ್ ಎತ್ತಿಕೊಳ್ಳೋದೂ ಅಪಾಯ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು ಇಂಥದ್ದಕ್ಕೆ ಜಾಗ ಕಳ್ಕೋಬಾರದು. ಅನುಮಾನವಿದ್ದರೆ ಹೊರಡೋ ಮುಂಚೆ ವಕೀಲರನ್ನ ಕೇಳಿ.

ಇನ್ನು ನೆನಪಿಗೆ ಅಂತ ಉಗುರೋ ಹಲ್ಲೋ ಊರಿಗೆ ತರೋ ಆಸೆ. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ವಿಷಯಕ್ಕೆ ನಮ್ಮ ಕರ್ನಾಟಕದಲ್ಲಿ ಎಷ್ಟು ಗಲಾಟೆ ಆಯ್ತು ನೆನಪಿದೆ ತಾನೆ? ಅಮೆರಿಕದ ಕಪ್ಪು ಕರಡಿಯೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿದೆ. ಸೂಟ್‌ಕೇಸಿನ ಮೂಲೆಯಲ್ಲಿ ಉಪ್ಪಿನಕಾಯಿ ತರೋ ಥರ ಅದನ್ನ ತರೋಕಾಗಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಆ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ: "ಸತ್ತಿರೋ ಕರಡಿಗೆ ಇಷ್ಟೊಂದು ಕಾಗದಪತ್ರ ಯಾಕಕ್ಕಾ?"

ಯಾಕಂದ್ರೆ ಬದುಕಿರೋ ಕರಡಿಗಳ ಲೆಕ್ಕ ಸಿಗೋದು ಅಲ್ಲಿಂದಲೇ. ಕಾಡಿನಲ್ಲಿ ಕರಡಿಗಳನ್ನ ಸಾಲಾಗಿ ನಿಲ್ಲಿಸಿ ಎಣಿಸೋಕಾಗಲ್ಲವಲ್ಲ. ಪೆನ್ಸಿಲ್ವೇನಿಯಾದ ಜೀವಶಾಸ್ತ್ರಜ್ಞರು ಕೆಲವು ಕರಡಿಗಳನ್ನ ಹಿಡಿದು, ಕಿವಿಗೆ ಟ್ಯಾಗ್ ಹಾಕಿ ಬಿಡ್ತಾರೆ. ಚೆಕ್ ಸ್ಟೇಷನ್‌ಗೆ ಬಂದ ಕರಡಿಗಳಲ್ಲಿ ಎಷ್ಟಕ್ಕೆ ಆ ಟ್ಯಾಗ್ ಇದೆ ಅಂತ ನೋಡ್ತಾರೆ. ನೂರು ಕರಡಿಗೆ ಟ್ಯಾಗ್ ಹಾಕಿದ್ದರು ಅಂತಿಟ್ಕೊಳ್ಳಿ. ಬೇಟೆಯಲ್ಲಿ ಬಂದ ಪ್ರತಿ 20ಕ್ಕೆ ಒಂದರಲ್ಲಿ ಟ್ಯಾಗ್ ಕಂಡರೆ, ಕಾಡಿನಲ್ಲಿದ್ದದ್ದು ಸುಮಾರು 2,000 ಅಂತ ಅಂದಾಜು. ಒಬ್ಬ ತೋರಿಸದೆ ಹೋದರೆ ಒಂದು ಕರಡಿ ಮಾತ್ರ ತಪ್ಪಿಹೋಗೋದಿಲ್ಲ, ಅಂದಾಜೇ ವಾಲುತ್ತೆ. ಮುಂದಿನ ಸೀಸನ್ ಎಷ್ಟು ದಿನ ಅನ್ನೋ ತೀರ್ಮಾನಕ್ಕೆ ಆಧಾರ ಆ ಅಂದಾಜೇ. ಕರಡಿ ಕಡಿಮೆಯಾಯ್ತು ಅಂತ 1977 ಮತ್ತು 1978ರಲ್ಲಿ ಆ ರಾಜ್ಯ ಕರಡಿ ಬೇಟೆಯನ್ನೇ ನಿಲ್ಲಿಸಿತ್ತು. ಆಗ ಕೆಲವೇ ಸಾವಿರ ಇದ್ದವು. ಈಗ 15 ಸಾವಿರಕ್ಕೂ ಹೆಚ್ಚಿವೆ.

ಸ್ಟೇಷನ್‌ನಲ್ಲಿ ಕರಡಿಯನ್ನ ತೂಗ್ತಾರೆ, ಗಂಡೋ ಹೆಣ್ಣೋ ಬರ್ಕೊಳ್ತಾರೆ, ಒಂದು ಚಿಕ್ಕ ಹಲ್ಲು ಕೀಳ್ತಾರೆ. ಕೋರೆಹಲ್ಲಿನ ಹಿಂದಿರುವ ಪುಟ್ಟ ಹಲ್ಲು ಅದು. ಅದನ್ನ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ ಕಾಣುತ್ತೆ. ಎಣಿಸಿದರೆ ವಯಸ್ಸು ಸಿಗುತ್ತೆ. ಹೆಣ್ಣು ಕರಡಿಯ ಹಲ್ಲಿನಲ್ಲಿ ಕೆಲವು ಉಂಗುರ ಕಿರಿದಾಗಿರುತ್ತವೆ. ಅವು ಅದು ಮರಿ ಸಾಕಿದ ವರ್ಷಗಳು. ಮೈಯಲ್ಲಿದ್ದದ್ದೆಲ್ಲ ಮರಿಗಳ ಹಾಲಿಗೆ ಹೋಗಿ, ಹಲ್ಲಿಗೆ ಉಳಿದದ್ದು ಅಷ್ಟೇ.

ಬೇಟೆಯನ್ನ ನಾನು ಒಪ್ಪದಿದ್ದರೂ ಈ ಒಂದು ಪದ್ಧತಿಗೆ ತಲೆಬಾಗ್ತೀನಿ. ಕೊಂದವನು ಕೊಂದದ್ದನ್ನ ತಂದು ಎದುರಿಗಿಟ್ಟು, ಲೆಕ್ಕ ಒಪ್ಪಿಸಿಯೇ ಮನೆಗೆ ಹೋಗಬೇಕು. ಅಷ್ಟು ಹೊತ್ತು ನಿಲ್ಲೋಕೆ ಪುರುಸೊತ್ತು ಇಲ್ಲದವರು ಬಂದೂಕು ಎತ್ತಿಕೊಳ್ಳದೆ ಇರೋದೇ ಒಳ್ಳೇದು.