ಭಂಗಾರಕ್ಕೆ ಹಾಕುವ ಮೊದಲು



ನಮ್ಮ ಶಾಲೆಯ ಹಳೇ ಕಂಪ್ಯೂಟರುಗಳನ್ನು ಭಂಗಾರದವನಿಗೆ ಕೊಡೋ ಮಾತು ನಡದದ. ನಾನು ಇದನ್ನು ಒಪ್ಪೋದಿಲ್ಲ. ಪರದೆ, ಕೀಲಿಮಣೆ ಎಲ್ಲ ಗಟ್ಟಿ ಅವ. ವಿಂಡೋಸಿನ ಭಾರ ತಡೀಲಾರದೆ ಕುಂಟುತ್ತಾವ, ಅಷ್ಟೇ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲವೂ 2025ರ ಅಕ್ಟೋಬರಿಗೆ ಮುಗೀತು. ಹೊಸ 11 ಇವುಗಳ ಮೇಲೆ ಏರೋದಿಲ್ಲ.

ಪಪ್ಪಿ ಲಿನಕ್ಸ್ ಎಂಬುದೊಂದದ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಪುಕ್ಕಟೆ ಸಿಗ್ತದ. ಒಂದು ಜಿಬಿಯೂ ಇಲ್ಲ. ಪೆನ್‌ಡ್ರೈವಿನಿಂದ ನೇರ ರ್‍ಯಾಮಿಗೆ ಏರಿ ಓಡ್ತದ, ಹಾರ್ಡ್‌ಡಿಸ್ಕ್ ಕೆಟ್ಟಿದ್ರೂ ನಡೀತದ.

ಭಾಲ್ಕಿಯಲ್ಲೋ ಬೀದರಿನಲ್ಲೋ ಒಂದು 8 ಜಿಬಿ ಪೆನ್‌ಡ್ರೈವ್ ತಂದರೆ ಸಾಕು. ನೆಟ್ ಇರೋ ಕಂಪ್ಯೂಟರಿನಲ್ಲಿ ಅದರ ಐಎಸ್‌ಒ ಫೈಲ್ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೀಬೇಕು. ಬರೇ ಕಾಪಿ ಮಾಡಿದ್ರ ಆಗೋದಿಲ್ಲ. ಒಳಗಿದ್ದದ್ದೆಲ್ಲ ಅಳಿಸಿಹೋಗ್ತದ, ಅದಕ್ಕೇ ಅಕ್ಕನ ಮದುವೆ ಫೋಟೊ ಇರೋದನ್ನ ತರಬ್ಯಾಡ್ರಿ! ಆಮೇಲೆ ಹಳೇ ಕಂಪ್ಯೂಟರಿಗೆ ಸಿಕ್ಕಿಸಿ, ಚಾಲೂ ಮಾಡಿದ ಕೂಡಲೇ ಎಫ್ 12 ಒತ್ತಿ (ಕೆಲವದರಲ್ಲಿ ಬೇರೆ ಕೀಲಿ) ಯುಎಸ್‌ಬಿ ಆರಿಸಬೇಕು.

"ನೌಕರಿಗೆ ವಿಂಡೋಸೇ ಬೇಕಲ್ಲ?" ಅಂತ ಕೆಲವರು ಕೇಳ್ತಾರ. ಕೇರಳದ ಸರಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸಿನ ಮೇಲೇ ಪಾಠ ನಡೀತದ. ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗರೂ ಅದರಲ್ಲೇ ಕಲೀತಾರ. ಅವರಿಗೆ ಆಗಿದ್ದು ನಮ್ಮ ಔರಾದ ತಾಲ್ಲೂಕಿನವರಿಗೆ ಯಾಕೆ ಆಗಬಾರದು?

ಶನಿವಾರ ಶಾಲೆ ಬಿಟ್ಟ ಮೇಲೆ ಒಂದೇ ಒಂದು ಕಂಪ್ಯೂಟರಿನ ಮೇಲೆ ಹಚ್ಚಿ ನೋಡೋಣ. ಓಡಲಿಲ್ಲಂದ್ರ ಭಂಗಾರದವ ಸೋಮವಾರವೂ ಬರ್ತಾನ.

— ಹತ್ತನೇ ತರಗತಿಯ ವಿದ್ಯಾರ್ಥಿನಿ